ಎಡಗಡೆಯ ಮಡಗಾರ್ಡು

ಹುಡುಗಿ ಚೀಲದಿಂದ ತೆಗೆದ ಯಂತ್ರ ಅಂಗೈಯಗಲವೂ ಇರಲಿಲ್ಲ. ದವಾಖಾನೆಯಲ್ಲಿ ಜ್ವರ ನೋಡುವ ಸಾಧನದ ಹಾಗಿತ್ತು. ಅದನ್ನು ಗಾಡಿಯ ನೆತ್ತಿಯ ತಗಡಿಗೆ ಒತ್ತಿ ಹಿಡಿದಳು. ಸಣ್ಣಗೆ ಟಿಂಕ್ ಎಂದಿತು.

"ನೂರಾ ಹನ್ನೆರಡು" ಎಂದು ಹಾಳೆಯಲ್ಲಿ ಬರೆದುಕೊಂಡಳು.

ಮುರಗೆಪ್ಪ ಕೈಯಲ್ಲಿದ್ದ ಹಳದಿ ಅರಿವೆಯನ್ನು ಮಡಚಿದ, ಮತ್ತೆ ಬಿಚ್ಚಿದ. "ಅದೇನ ನೋಡತೈತ್ರಿ ಬಾಯಾರ?"

"ಬಣ್ಣದ ದಪ್ಪ ಕಾಕಾ. ಕಾರಖಾನ್ಯಾಗ ಹಚ್ಚಿದ್ದು ತೆಳ್ಳಗ ಇರತೈತಿ, ನೂರಾ ಹತ್ತು, ನೂರಾ ಮೂವತ್ತು. ಆಮ್ಯಾಲ ಯಾರರ ನೆಗ್ಗಿದ್ದಲ್ಲಿ ಪುಟ್ಟಿ ಮೆತ್ತಿ ಬಣ್ಣ ಹೊಡದಿದ್ರ ಮುನ್ನೂರು, ನಾನೂರು ತೋರಸತೈತಿ. ನಮ್ಮ ಕಣ್ಣಿಗೆ ಕಾಣಂಗಿಲ್ಲ, ಇದಕ ಕಾಣತೈತಿ."

"ಹಾಂ, ಹಂಗೇನ್ರಿ" ಎಂದ ಮುರಗೆಪ್ಪ. 

ಹುಡುಗಿಯ ಹೆಸರು ಸ್ನೇಹಲ. ಕೊಲ್ಲಾಪುರದವಳು, ಹಳೆಯ ಗಾಡಿಗಳ ಪರೀಕ್ಷೆ ಅವಳ ಉದ್ಯೋಗ. ಪುಣೆಯಲ್ಲಿ ಇಂಥ ಗಾಡಿಗಳನ್ನು ಕೂಡಿಹಾಕುವ ಒಬ್ಬ ದೊಡ್ಡ ಮನುಷ್ಯ ಅವಳನ್ನು ಕಳಿಸಿದ್ದ. ತಾಯಿಯ ತವರು ಅಥಣಿಯಾದ್ದರಿಂದ ಮರಾಠಿಯಷ್ಟೇ ಸಲೀಸಾಗಿ ಕನ್ನಡ ಆಡುತ್ತಿದ್ದಳು. ಬಂದವಳೇ ಗಾಡಿಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

ನಿಲ್ಲುವಂಥದೇ ಗಾಡಿ. ಅಮೆರಿಕದ ಬ್ಯೂಕ್ ರಿವಿಯೆರಾ, ಅರವತ್ತೈದನೆಯ ಇಸವಿಯದು. ಎಲೆಹಸಿರು ಕಪ್ಪಿಗೆ ತಿರುಗಿದ ಬಣ್ಣ, ಉದ್ದಕ್ಕೆ ಮಲಗಿದ ಮೈ, ಅಷ್ಟು ಉದ್ದಕ್ಕೂ ಎರಡೇ ಬಾಗಿಲು. ಸ್ಟೇರಿಂಗ್ ಎಡಗಡೆ. ಹಗಲಲ್ಲಿ ದೀಪಗಳು ರೆಪ್ಪೆ ಮುಚ್ಚಿಕೊಂಡಿರುತ್ತಿದ್ದವು, ಗುಂಡಿ ಒತ್ತಿದರೆ ಮೆಲ್ಲಗೆ ತೆರೆಯುತ್ತಿದ್ದವು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿ ಅಣ್ಣಾಸಾಬ ಸಾವಕಾರರು ಅದನ್ನು ಮುಂಬಯಿಯ ಹರಾಜಿನಲ್ಲಿ ಹಿಡಿದಿದ್ದರು. ಪರದೇಶದ ದೂತಾವಾಸದವರು ಬಳಸಿ ಬಿಟ್ಟದ್ದು. ಸಾವಕಾರರು ತೀರಿಕೊಂಡು ಹನ್ನೊಂದು ವರ್ಷವಾದರೂ ವಾರಕ್ಕೆರಡು ಸಲ ಒರೆಸಿ, ಹದಿನೈದು ದಿನಕ್ಕೊಮ್ಮೆ ಎಂಜಿನ್ ತಿರುವಿ, ಇಲಿ ತಂತಿ ಕಡಿಯದಂತೆ ಸುತ್ತಲೂ ತಂಬಾಕಿನ ಪುಡಿ ಉದುರಿಸಿ ಕಾಯ್ದವನು ಡ್ರೈವರ್ ಮುರಗೆಪ್ಪ. ನಲವತ್ತೆರಡು ವರ್ಷದಿಂದ ಅವನೊಬ್ಬನೇ.

ಈಗ ಗಾಡಿ ನಿಂತ ತಂಬಾಕಿನ ಗೋದಾಮೇ ಮಾರಾಟವಾಗಿತ್ತು. ದಸರೆಯೊಳಗೆ ಖಾಲಿ ಮಾಡಿಕೊಡಬೇಕು. ಸಾವಕಾರರ ಮಗ ಸನ್ಮತಿ ಮೊಬೈಲಿನಲ್ಲಿ ಜಾಹೀರಾತು ಹಾಕಿದ್ದ. ಹಾಕುವ ಮೊದಲು ಒಂದೊಂದೇ ಸಾಲನ್ನು ಮುರಗೆಪ್ಪನ ಮುಂದೆ ಓದಿದ್ದ. ಒಂದೇ ಮನೆತನ. ಒಬ್ಬನೇ ಡ್ರೈವರ್. ಒಮ್ಮೆಯೂ ಅಪಘಾತವಿಲ್ಲ. ಒಮ್ಮೆಯೂ ಬಣ್ಣ ಹಚ್ಚಿಲ್ಲ. "ಖರೇ ಅಲ್ಲ ಕಾಕಾ?" ಎಂದು ಸಾಲಿಗೊಮ್ಮೆ ಕೇಳಿದ್ದ. ಮುರಗೆಪ್ಪ ನಾಲ್ಕೂ ಸಲ ತಲೆಯಾಡಿಸಿದ್ದ.

"ನಮ್ಮಪ್ಪ ನನ್ನ ಬಗಲಾಗ ಎತಗೊಂಡದ್ದು ನೆನಪಿಲ್ಲರಿ" ಎಂದು ಸನ್ಮತಿ ಈಗ ಸ್ನೇಹಲಳಿಗೆ ಹೇಳುತ್ತಿದ್ದ. "ಈ ಗಾಡಿ ಮೈ ಮಾತ್ರ ದಿನಾ ಸವರ್ತಿದ್ದ. ನನಗಿಂತ ಹಿರೇಮಗ ಇದು."

ಸ್ನೇಹಲ ನಕ್ಕು ಬಲಗಡೆಯ ಹಿಂದಿನ ಮೂಲೆಗೆ ಬಂದಳು. ಟಿಂಕ್. ನೂರಾ ಹದಿನೆಂಟು. ಬಲ ಬಾಗಿಲು, ನೂರಾ ಹದಿನಾಲ್ಕು. ಬಲ ಮಡಗಾರ್ಡು, ನೂರಾ ಇಪ್ಪತ್ತು. ಬಾನೆಟ್ಟಿನ ಮೇಲೆ ಆರು ಕಡೆ ಒತ್ತಿದಳು. ಮುರಗೆಪ್ಪ ಅವಳ ಹೆಜ್ಜೆಯ ದಿಕ್ಕು ನೋಡುತ್ತಿದ್ದ. ಬಾನೆಟ್ಟಿನಿಂದ ಹಾಗೇ ಎಡಕ್ಕೆ ತಿರುಗಿದರೆ ಈಗಲೇ ಮುಗಿಯಿತು. ಅವಳು ತಿರುಗಲಿಲ್ಲ. ಡಿಕ್ಕಿ ಉಳಿದಿತ್ತೆಂದು ಹಿಂದಕ್ಕೆ ಹೋದಳು. ಅಲ್ಲಿಂದ ಎಡಗಡೆಗೆ ಬರುವುದಿತ್ತು. ಎಡ ಹಿಂಬದಿ, ಎಡ ಬಾಗಿಲು, ಕೊನೆಗೆ ಎಡಗಡೆಯ ಮುಂದಿನ ಮಡಗಾರ್ಡು.

ಅದರ ಸಂಗತಿ ಈ ಭೂಮಿಯ ಮೇಲೆ ಮುರಗೆಪ್ಪನೊಬ್ಬನಿಗೇ ಗೊತ್ತಿತ್ತು. ಕೊಲ್ಲಾಪುರದ ಬಣ್ಣಗಾರ ಸತ್ತಿದ್ದ. ಅವನ ಕೂಲಿಗೆಂದು ಕಿವಿಯ ಬುಗುಡಿ ಬಿಚ್ಚಿಕೊಟ್ಟ ಮುರಗೆಪ್ಪನ ಹೆಂಡತಿಯೂ ಸತ್ತಿದ್ದಳು.

ಮೂವತ್ಮೂರು ವರ್ಷದ ಹಿಂದೆ, ಸಂಕ್ರಮಣ ಮುಗಿದ ವಾರ. ಅಣ್ಣಾಸಾಬ ಸಾವಕಾರರು ಮುಗಳಖೋಡದ ಬೀಗರ ಹೊಲ ಹಂಚುವುದಕ್ಕೆ ಹಿರಿಯರಾಗಿ ಬೀಗರ ಜೀಪಿನಲ್ಲೇ ಹೋಗಿದ್ದರು. ಅವರದು ಏಕಾಶನದ ವ್ರತ. ದಿನಕ್ಕೆ ಒಂದೇ ಊಟ, ಅದೂ ತಮ್ಮ ಮನೆಯ ಅಡಿಗೆ, ಅದೂ ಹೊತ್ತು ಮುಳುಗುವುದರೊಳಗೆ. ಮುಳುಗಿತೆಂದರೆ ಮರುದಿನದವರೆಗೆ ಗುಟುಕು ನೀರೂ ಇಲ್ಲ. ಮಧ್ಯಾಹ್ನಕ್ಕೆ ಮರಳಬೇಕಾದವರು ಮರಳಲಿಲ್ಲ, ಹಿರಿಯರ ಪಂಚಾಯಿತಿ ಇನ್ನೂ ಬಗೆಹರಿದಿಲ್ಲವೆಂದು ಫೋನು ಬಂತು. ಸಾವಕಾರರ ಹೆಂಡತಿ ಪದ್ಮವ್ವ ಅವಸರದಲ್ಲಿ ಡಬ್ಬಿ ಕಟ್ಟಿದರು. ಮುರಗೆಪ್ಪ ಮೂರು ಗಂಟೆಗೆ ನಿಪ್ಪಾಣಿ ಬಿಟ್ಟ. ಚಿಕ್ಕೋಡಿ ದಾಟಿದ ಮೇಲೆ ಗಾಲಿ ಪಂಚರಾಯಿತು. ಅದನ್ನು ಬದಲಿಸಿ ರಾಯಬಾಗ ದಾಟುವಷ್ಟರಲ್ಲಿ ಹೊತ್ತು ಬೆನ್ನ ಹಿಂದೆ ಇಳಿಯುತ್ತಿತ್ತು. ಪೂರ್ವದ ದಾರಿ, ಸೂರ್ಯ ಕನ್ನಡಿಯಲ್ಲಿ. ಮುರಗೆಪ್ಪ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡಿದ. ಮುಳುಗಬ್ಯಾಡ, ಇನ್ನೊಂದೀಟ ತಡಿ ಎಂದು ಸೂರ್ಯನ ಕೂಡ ಮಾತಾಡುತ್ತ ಹೊಡೆದ. ಎಡಗಡೆಯ ಕಬ್ಬಿನೊಳಗಿಂದ ಕರು ಹಾರಿ ಬಂದದ್ದು ಅವನ ಕಣ್ಣಿಗೆ ಬೀಳುವ ಮೊದಲೇ ಗಾಡಿಗೆ ಬಿತ್ತು.

ಬಿಳಿಯ ಖಿಲಾರಿ ತಳಿಯ ಕರು. ಕೊರಳಲ್ಲಿ ಹೊಸ ಕಣ್ಣಿಹಗ್ಗ ಇತ್ತು. ಎರಡು ಸಲ ಕಾಲು ಜಾಡಿಸಿ ಸುಮ್ಮನಾಯಿತು. ಸುತ್ತ ಯಾರೂ ಇರಲಿಲ್ಲ. ಒಂದು ಮೋಟರ್ ಮನೆ, ಒಂದು ಬನ್ನಿಗಿಡ. ಅವನು ಕರುವನ್ನು ರಸ್ತೆಯ ಬದಿಗೆ ಎಳೆದು ಮಲಗಿಸಿದ, ಕನ್ನಡಿ ನೋಡಿದ, ಗಾಡಿ ಹತ್ತಿದ.

ಸಾವಕಾರರು ಕೊನೆಯ ತುತ್ತು ನುಂಗಿ ನೀರು ಕುಡಿದಾಗ ಹೊತ್ತು ಇನ್ನೂ ಒಂದು ಬೆರಳು ಇತ್ತು. "ಮುರಗೆಪ್ಪಾ, ಹೊತ್ತಿಗೆ ಮುಟ್ಟಿಸಿದಿ. ಇದನ್ನ ನಾ ಮರಿಯಂಗಿಲ್ಲ" ಎಂದರು. ಆ ಮಾತು ಅವನ ಬಾಯಿಗೆ ಬೀಗ ಹಾಕಿತು. ಗಾಡಿಯ ಎಡಮಗ್ಗುಲನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಆಚೆಯ ಬಾಗಿಲಿನಿಂದ ಇಳಿದು ಬಂದಿದ್ದ. ಗೇರ್‌ಬಾಕ್ಸಿನ ಎಣ್ಣೆ ಸೋರುತ್ತಿದೆಯೆಂದು ಸುಳ್ಳು ಹೇಳಿ ಸಾವಕಾರರನ್ನು ಜೀಪಿನಲ್ಲೇ ಕಳಿಸಿದ. ತಾನು ಕೊಲ್ಲಾಪುರಕ್ಕೆ ಹೋಗಿ ಮೂರು ದಿನ ಕೂತು ಮಡಗಾರ್ಡು ಮಾಡಿಸಿದ. ಆಮೇಲೆ ಹೇಳುವುದು ಇನ್ನೂ ಕಠಿಣವಾಯಿತು. ತಮ್ಮ ಗಾಡಿ ಇಷ್ಟು ವರ್ಷ ಓಡಿಯೂ ಒಂದು ಜೀವ ತೆಗೆದಿಲ್ಲವೆಂದು ಸಾವಕಾರರು ಬಸದಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದರು. ಹೇಳಿದರೆ ಸ್ಟೇರಿಂಗ್ ಹೋಗುತ್ತದೆ, ಜೀವ ತೆಗೆದವನ ಕೈಗೆ ಮತ್ತೊಬ್ಬರೂ ಗಾಡಿ ಕೊಡುವುದಿಲ್ಲ ಎಂಬ ಹೆದರಿಕೆ ಅವನಿಗಿತ್ತು.

ಟಿಂಕ್. "ಎಡ ಬಾಗಿಲು, ನೂರಾ ಹದಿನೈದು. ಕಮಾಲ ಐತ್ರಿ!" ಎಂದಳು ಸ್ನೇಹಲ.

ಅಷ್ಟರಲ್ಲಿ ಗೋದಾಮಿನ ಹಿಂಬಾಗಿಲಿನಿಂದ ಪದ್ಮವ್ವ ಬಂದರು. ಎಂಬತ್ತರ ಹತ್ತಿರದ ಜೀವ, ಬಿಳಿ ಸೀರೆ. ದಶಲಕ್ಷಣ ಪರ್ವದ ಹತ್ತು ದಿನದ ಉಪವಾಸ ಮುಗಿಸಿ ಇನ್ನಷ್ಟು ಸಣ್ಣಗಾಗಿದ್ದರು. ಅಂದು ಕ್ಷಮಾವಾಣಿ. ಜೈನರ ಮನೆಗಳಲ್ಲಿ ಆ ದಿನ ದೊಡ್ಡವರು ಸಣ್ಣವರೆನ್ನದೆ ಒಬ್ಬರಿಗೊಬ್ಬರು ಕೈಮುಗಿದು ವರ್ಷದ ತಪ್ಪಿಗೆ ಕ್ಷಮೆ ಕೇಳುತ್ತಾರೆ, ಆಳುಗಳನ್ನೂ ಕೇಳುತ್ತಾರೆ. ಪದ್ಮವ್ವ ಮೊದಲು ಕೇಳುವುದು ಮುರಗೆಪ್ಪನನ್ನೇ.

"ಮುರಗೆಪ್ಪಾ," ಅವರು ಎದುರಿಗೆ ಬಂದು ಕೈ ಜೋಡಿಸಿದರು, "ನನ್ನ ಬಾಯಿಂದ, ಕೈಯಿಂದ ನಿನಗ ಏನರ ನೋವಾಗಿದ್ರ ಕ್ಷಮಾ ಮಾಡಪಾ."

ನೀವೂ ನನಗೆ ಕ್ಷಮಾ ಮಾಡಿರಿ ಎಂದು ಅವನು ಅನ್ನಬೇಕು. ಪ್ರತಿವರ್ಷ ಅಂದಿದ್ದ. ಅನ್ನುವಾಗ ಒಳಗೊಳಗೇ ಕರುವನ್ನೂ ಆ ಮಾತಿನಲ್ಲಿ ಸೇರಿಸಿ, ಅದಕ್ಕೂ ಕ್ಷಮೆ ಸಿಕ್ಕಿತೆಂದು ಲೆಕ್ಕ ಹಿಡಿದಿದ್ದ. ಹೆಸರು ಹೇಳಲೇಬೇಕೆಂದು ಯಾರೂ ಕೇಳುತ್ತಿರಲಿಲ್ಲವಲ್ಲ.

"ನೀವೂ ನನಗ..." ಎಂದ.

ಟಿಂಕ್.

"ಮುನ್ನೂರಾ ತೊಂಬತ್ತು" ಎಂದಳು ಸ್ನೇಹಲ. ಮೂರು ಬೆರಳು ಆಚೆ ಒತ್ತಿದಳು. "ನಾನೂರಾ ಹತ್ತು. ಇಲ್ಲಿ ಪುಟ್ಟಿ ಐತ್ರಿ. ಬಡದಾರ, ತುಂಬ್ಯಾರ, ಬಣ್ಣ ಹಚ್ಯಾರ."

"ಸಾಧ್ಯನ ಇಲ್ಲ" ಎಂದ ಸನ್ಮತಿ. "ನಿಮ್ಮ ಮಶೀನ್ ಕೆಟ್ಟಿರಬೇಕು. ಬೇಕಾದ್ರ ಕಾಕಾನ್ನ ಕೇಳ್ರಿ. ಈ ಮನುಷ್ಯಾ ಸುಳ್ಳ ಹೇಳಾವಲ್ಲ."

ಸ್ನೇಹಲ ಬಾಗಿಲಿಗೆ ಒತ್ತಿ ತೋರಿಸಿದಳು, ನೂರಾ ಹದಿನೈದು. ಮಡಗಾರ್ಡಿಗೆ ಒತ್ತಿದಳು, ನಾನೂರು. ಯಂತ್ರದಲ್ಲಿ ಐಬಿರಲಿಲ್ಲ. ಅವಳು ಮುರಗೆಪ್ಪನ ಮುಖ ನೋಡಿದಳು. ಮುದುಕನ ಮೇಲೆ ಕನಿಕರ ಬಂತೋ ಏನೋ, "ನೀವು ಕೆಲಸಕ್ಕ ಬರೂಕಿಂತ ಮೊದಲ ಆಗಿರಬೌದು ಕಾಕಾ? ಮುಂಬಯ್ಯಾಗ?" ಎಂದಳು.

"ಹಾಂ! ಹಂಗ ಇರಬೇಕು" ಎಂದ ಸನ್ಮತಿ. "ಹರಾಜಿಗಿಂತ ಮೊದಲ ಆಗಿರಬೇಕು. ನಮಗೇನ ಗೊತ್ತು? ಹೌದಲ್ಲ ಕಾಕಾ?"

ಒಂದೇ ಮಾತು. ಹೌದು ಎಂದರೆ ಮುಗಿಯಿತು. ಅಲ್ಲವೆನ್ನಲು ಸತ್ತವರು ಎದ್ದು ಬರುವುದಿಲ್ಲ. ಮುರಗೆಪ್ಪ ಬಾಯಿ ತೆರೆದ. ಪದ್ಮವ್ವ ಇನ್ನೂ ಕೈ ಜೋಡಿಸಿಕೊಂಡೇ ನಿಂತಿದ್ದರು. ಅವನ ಮರುಮಾತು ಪೂರ್ತಿಯಾಗುವತನಕ ಅವರು ಕೈ ಇಳಿಸುವಂತಿರಲಿಲ್ಲ. 

"ಅಲ್ರಿ" ಎಂದ. "ನಾ ಮಾಡಿದ್ದು."

ನಿಂತಲ್ಲೇ ಎಲ್ಲ ಹೇಳಿದ. ಡಬ್ಬಿ, ಪಂಚರು, ಕನ್ನಡಿ, ಕರು. ಹೇಳಿ ಮುಗಿಸಿದಾಗ ಹಳದಿ ಅರಿವೆ ಕೈಯಲ್ಲಿ ಹಗ್ಗದಂತೆ ಹೊಸೆದುಹೋಗಿತ್ತು.

"ನಾಕ ಸಲಾ ಕೇಳಿನಿ ನಾ ನಿನಗ!" ಸನ್ಮತಿಯ ದನಿ ತಗಡಿನ ಛಾವಣಿಗೆ ಬಡಿಯಿತು. "ನಿನ್ನ ಮಾತಿನ ಮ್ಯಾಲ ನಾ ಬರದ ಕೊಟ್ಟೀನಿ. ನಾಳೆ ಪುಣೆದವ್ರು ನನ್ನ ಮಕಕ್ಕ ಉಗಳಿದ್ರ? ಅಪ್ಪಾ ಬಸದ್ಯಾಗ..." ಅವನು ಮಾತು ಅರ್ಧಕ್ಕೇ ಬಿಟ್ಟು ಹೊರಗೆ ಹೋಗಿಬಿಟ್ಟ.

ಪದ್ಮವ್ವ ಕೈ ಇಳಿಸಿದರು. "ಕರಾ ಯಾರದು?"

"ಗೊತ್ತಿಲ್ರಿ ಅವ್ವಾರ."

"ಕೇಳಲಿಲ್ಲ?"

"ಹೊತ್ತ ಮುಳಗಾಕತ್ತಿತ್ರಿ."

"ಅವತ್ತ ಮುಳಗಾಕತ್ತಿತ್ತು. ಮರದಿನ?"

ಮುರಗೆಪ್ಪ ಕೈ ಜೋಡಿಸಿದ.

"ನೀವರ ಕ್ಷಮಾ ಮಾಡ್ರಿ ಅವ್ವಾರ."

"ನಾ ಮಾಡಾಕ ಅದೇನ ನನ್ನ ಕರಾ?" ಎಂದರು ಪದ್ಮವ್ವ. ದನಿ ಏರಲಿಲ್ಲ, ಅದೇ ಅವನಿಗೆ ತಡೆಯದಾಯಿತು. ಸ್ನೇಹಲಳ ಕಡೆ ತಿರುಗಿ, "ಮಗಳ, ಗಾಡಿ ಓಡಿಸಿ ನೋಡಾಕ ಬೇಕಲ್ಲ ನಿನಗ? ರಾಯಬಾಗದ ಕಡೆ ಓಡಿಸಿ ನೋಡು. ನಾನೂ ಬರತೀನಿ. ಇವಂಗ ಜಾಗಾ ನೆನಪಿರತೈತಿ" ಎಂದರು.

ಮುರಗೆಪ್ಪನೇ ಓಡಿಸಿದ. ಚಿಕ್ಕೋಡಿಯಲ್ಲಿ ಜನ ಗಾಡಿ ಕಂಡು ಮೊಬೈಲು ಎತ್ತಿದರು, ಅವನು ಯಾರ ಮುಖವನ್ನೂ ನೋಡಲಿಲ್ಲ. ಸ್ನೇಹಲ ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದಿಗೆ ಕಿವಿಕೊಟ್ಟು ಆಗಾಗ ಬರೆದುಕೊಳ್ಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಪದ್ಮವ್ವ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ರಾಯಬಾಗ ದಾಟಿದ ಮೇಲೆ ಅವನು ವೇಗ ಇಳಿಸಿದ. ರಸ್ತೆ ಅಗಲವಾಗಿತ್ತು, ಹೊಸ ಮನೆಗಳು ಬಂದಿದ್ದವು. ಸಿಗದಿದ್ದರೆ ಸಾಕು ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಬನ್ನಿಗಿಡ ಹಾಗೇ ಇತ್ತು. ಅವನು ಗಾಡಿ ನಿಲ್ಲಿಸಿದ.

ಮೋಟರ್ ಮನೆಯಿದ್ದಲ್ಲಿ ಈಗ ಎರಡು ಖೋಲಿಯ ಮನೆ. ಕಟ್ಟೆಯ ಮೇಲೆ ಮುದುಕಿಯೊಬ್ಬಳು ಶೇಂಗಾ ಬಿಡಿಸುತ್ತಿದ್ದಳು. ಹಸಿರು ಗಾಡಿಯಿಂದ ಮೂವರು ಇಳಿದು ಬರುವುದನ್ನು ಕಣ್ಣ ಮೇಲೆ ಕೈ ಇಟ್ಟು ನೋಡಿದಳು.

"ಯಾರವ್ವಾ ನೀವು? ಇಲೆಕ್ಷನ್ ಬಂತೇನ ಮತ್ತ?"

"ಅಲ್ಲ ಯವ್ವಾ" ಎಂದ ಮುರಗೆಪ್ಪ. ಕೂಡೆಂದರೂ ಕೂಡಲಿಲ್ಲ. "ಬಾಳ ವರ್ಷಾತು. ಈ ರಸ್ತೇಕ ಒಂದ ಖಿಲಾರಿ ಕರಾ ಸತ್ತ ಬಿದ್ದಿತ್ತು. ಸಂಕ್ರಮಣ ಆದ ವಾರ."

ಮುದುಕಿಯ ಕೈ ನಿಂತಿತು. ಅವಳು ಲಕ್ಕವ್ವ. ಆ ಕರು ಅವಳದೇ. ತವರಿನವರು ಕೊಟ್ಟ ಆಕಳು ಹಾಕಿದ ಮೊದಲ ಕರು. "ಅದರ ಸುದ್ದಿ ನಿನಗ ಯಾರ ಹೇಳಿದ್ರು? ಆ ಭೀಮಗೊಂಡ ಕಳಿಸ್ಯಾನೇನು?"

"ಯಾವ ಭೀಮಗೊಂಡ?"

"ಅಲ್ಲಿ, ಆ ಕೆಂಪ ಹಂಚಿನ ಮನ್ಯಾವ. ಅವತ್ತ ಈ ದಾರ್ಯಾಗ ಕಬ್ಬ ಸಾಗಸಾಕತ್ತಿದ್ದು ಅವಂದೊಂದ ಟ್ರ್ಯಾಕ್ಟರ. ಅವಂದ ಹೊಡದದ್ದು. ಒಪಗೊಳ್ಳಲಿಲ್ಲ. ನಮ್ಮವರು ಸಾಯೂಮಟಾ ಅವನ ಕೂಡ ಮಾತಾಡಲಿಲ್ಲ, ನಾನೂ ಆಡಿಲ್ಲ." ಅವಳು ಶೇಂಗಾದ ಸಿಪ್ಪೆಯನ್ನು ಸಿಟ್ಟಿನಿಂದ ಜಾಡಿಸಿದಳು. "ಜೈನರಂವಾ. ವರ್ಷಾ ಇವತ್ತಿನ ದಿವಸ ಕೈ ಮುಗಕೊಂಡ ಬರತಾನ, ಲಕ್ಕಕ್ಕಾ ಕ್ಷಮಾ ಮಾಡು ಅಂತ. ಕರಾ ಹೊಡದದ್ದ ಒಪ್ಪಕೋ, ಮಾಡತೀನಿ ಅಂತೀನಿ. ನಾ ಹೊಡದಿಲ್ಲಕ್ಕಾ ಅಂತಾನ. ಬಾಗಲಾ ಹಾಕ್ಕೋತೀನಿ. ಇವತ್ತೂ ಮುಂಜಾನೆ ಬಂದಿದ್ದ. ಇವತ್ತೂ ಹಾಕ್ಕೊಂಡ್ನಿ."

ಪದ್ಮವ್ವ ಕಟ್ಟೆಯ ಅಂಚನ್ನು ಹಿಡಿದುಕೊಂಡರು.  ಕರುವಿನ ಒಡೆಯ ಬೈಯಬಹುದು, ಹೊಡೆಯಬಹುದು, ಬೆಲೆ ಕೇಳಬಹುದು ಎಂದು ಮುರಗೆಪ್ಪ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ. ಇದಕ್ಕೆ ಮಾಡಿಕೊಂಡಿರಲಿಲ್ಲ.

"ಅವ ಹೊಡದಿಲ್ಲ ಯವ್ವಾ" ಎಂದ. "ಖರೇನ ಹೊಡದಿಲ್ಲ. ಹೊಡದಾವ ನಾನು. ಈ ಗಾಡೀಲೆ."

ಲಕ್ಕವ್ವ ಅವನನ್ನು ನೋಡಿದಳು, ಗಾಡಿಯನ್ನು ನೋಡಿದಳು.   ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದಳು.

"ನಡೀ. ಇದನ್ನ ಅಲ್ಲಿ ಬಂದು ಹೇಳು."

"ಆಜಿ, ಗಾಡ್ಯಾಗ ಕೂಡ್ರಿ, ದೂರ ಐತಿ" ಎಂದಳು ಸ್ನೇಹಲ.

"ಅದರಾಗ ನಾ ಕೂಡಂಗಿಲ್ಲ."

ಗಾಡಿ ರಸ್ತೆಯಲ್ಲೇ ಉಳಿಯಿತು. ಒಡ್ಡಿನ ಮೇಲೆ ಸಾಲಾಗಿ ನಡೆದರು. ಮುಂದೆ ಲಕ್ಕವ್ವ, ಹಿಂದೆ ಮುರಗೆಪ್ಪ, ಅವನ ಹಿಂದೆ ಸ್ನೇಹಲಳ ಕೈ ಹಿಡಿದ ಪದ್ಮವ್ವ. ಎರಡೂ ಕಡೆ ಎದೆಯೆತ್ತರ ಮೀರಿದ ಕಬ್ಬು. 

ಭೀಮಗೊಂಡ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಬಿಳಿ ಟೊಪ್ಪಿಗೆ, ಬೆನ್ನು ಬಾಗಿದ ಮನುಷ್ಯ. ಲಕ್ಕವ್ವ ತನ್ನ ಅಂಗಳದೊಳಗೆ ಬಂದದ್ದನ್ನು ಕಂಡು ಹಗ್ಗ ಬಿಟ್ಟು ಎದ್ದು ನಿಂತ. ಬೇರೇನೂ ತೋಚದೆ ಕೈ ಮುಗಿದ.

"ಕೈ ಇಳಸೋ ಭೀಮಗೊಂಡಾ" ಎಂದಳು ಲಕ್ಕವ್ವ. "ಇವತ್ತ ಕೇಳಾವ ಬ್ಯಾರೆ ಅದಾನ."

ಮುರಗೆಪ್ಪ ಮೂರನೆಯ ಸಲ ಹೇಳಿದ. ಈ ಸಲ ಡಬ್ಬಿಯ ಮಾತು, ಸೂರ್ಯನ ಮಾತು ತರಲಿಲ್ಲ. ಜೋರಾಗಿ ಓಡಿಸಿದೆ, ಹೊಡೆದೆ, ಓಡಿಹೋದೆ ಎಂದ.

ಭೀಮಗೊಂಡ ಗೋಡೆಗೆ ಒರಗಿದ. ಸಿಟ್ಟಿಗೇಳುತ್ತಾನೆಂದು ಎಲ್ಲರೂ ಕಾದರು. ಅವನು ಕೇಳಿದ್ದು ಬೇರೆ. "ಹಂಗಾರ ಸಿದರಾಯ ಹೊಡದಿಲ್ಲ?"

"ಸಿದರಾಯ ಯಾರ್ರಿ?"

"ನಮ್ಮ ಟ್ರ್ಯಾಕ್ಟರ ಡ್ರೈವರ. ನಾ ಅಂತೂ ಹೊಡದಿರಲಿಲ್ಲ, ಅಂದಮ್ಯಾಲ ಅವನ ಹೊಡದ ಮುಚ್ಚಿಟ್ಟಾನ ಅಂತ ತಿಳಕೊಂಡ್ನಿ. ಮಕ್ಕಳ ಮ್ಯಾಲ ಆಣಿ ಮಾಡಿದ. ನಂಬಲಿಲ್ಲ. ಬಿಡಿಸಿ ಕಳಿಸಿದ್ನಿ." ಭೀಮಗೊಂಡ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. "ಕರಾ ಕೊಂದಾವ ಅಂತ ಹೆಸರ ಹೋತು. ಆಮ್ಯಾಲ ಯಾರೂ ಅವನ ಕೈಯಾಗ ಸ್ಟೇರಿಂಗ ಕೊಡಲಿಲ್ಲ. ಐನಾಪುರದಾಗ ಅದಾನ, ಸಂತ್ಯಾಗ ಬಾಳಿಹಣ್ಣ ಮಾರಕೊಂಡು."

ತನಗೆ ಬರುವುದೆಂದು ಮುರಗೆಪ್ಪ ಹೆದರಿದ್ದ ಬಾಳುವೆಯನ್ನು ಐನಾಪುರದಲ್ಲಿ ಇನ್ನೊಬ್ಬ ಡ್ರೈವರ್ ಮೂವತ್ಮೂರು ವರ್ಷ ಬಾಳಿದ್ದ. ಮುರಗೆಪ್ಪ ಅಂಗಳದ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಸ್ನೇಹಲಳ ಕಡೆ ಕೈ ಚಾಚಿದ.

"ಆ ಹಾಳಿ ಕೊಡ್ರಿ ಬಾಯಾರ. ಅದರ ಮ್ಯಾಲ ನಾ ಸಹಿ ಮಾಡತೀನಿ. ಮಡಗಾರ್ಡಿನ ಸಂಗತಿ ಬರೀರಿ. ಕರಾ ಬಡದು ಅಂತ ಬರೀರಿ, ಬರೇ ಆಕ್ಸಿಡೆಂಟ್ ಅನಬ್ಯಾಡ್ರಿ."

ಅವಳು ಬರೆದು, ಓದಿ ಹೇಳಿದಳು. ಅವನು ದಪ್ಪ ಅಕ್ಷರದಲ್ಲಿ ಸಹಿ ಹಾಕಿದ.

"ಇಷ್ಟಕ್ಕ ಪುಣೆದವ್ರು ಬಿಡಂಗಿಲ್ಲ ಕಾಕಾ" ಎಂದಳು ಸ್ನೇಹಲ ಮೆಲ್ಲಗೆ. "ರೊಕ್ಕಾ ಒಂದೀಟ ಕಮ್ಮಿ ಆಗತೈತಿ ಅಷ್ಟ. ಗಾಡಿ ತಗೋತಾರ."

"ತಗೊಂಡ ಹೋಗಲಿ." ಅವನು ಕಿಸೆಯಿಂದ ಚಾವಿ ತೆಗೆದು ಅವಳ ಕೈಯಲ್ಲಿಟ್ಟ. "ಅವ್ವಾರನ್ನ ಸಾವಕಾಶ ಕರಕೊಂಡ ಹೋಗ್ರಿ. ಬ್ರೇಕ್ ಪೂರ್ತಿ ತುಳೀಬ್ಯಾಡ್ರಿ, ಎಳೀತೈತಿ. ನಾ ಬಸ್ಸಿಗೆ ಹೋಗತೀನಿ, ಐನಾಪುರಕ್ಕ."

"ಗಾಡ್ಯಾಗನ ಹೋಗೂಣ ಬಾರೋ" ಎಂದರು ಪದ್ಮವ್ವ.

"ಬ್ಯಾಡ್ರಿ ಅವ್ವಾರ. ಇದರಾಗ ಹೋಗಿ ಅವನ ಮುಂದ ಇಳ್ಯಾಕ ನನಗ ಆಗಂಗಿಲ್ಲ."

ಪದ್ಮವ್ವ ಮತ್ತೆ ಒತ್ತಾಯ ಮಾಡಲಿಲ್ಲ. ಭೀಮಗೊಂಡ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದ.

"ನಡೀ, ನಾನೂ ಬರತೀನಿ" ಎಂದ. "ನಿನಗಿಂತ ಹೆಚ್ಚ ನಾ ಕೇಳಬೇಕಾಗೈತಿ ಅವಂಗ. ನೀ ಅವನ್ನ ನೋಡಿಲ್ಲ. ನಾ ನೋಡಿನೂ ನಂಬಲಿಲ್ಲ."

ಲಕ್ಕವ್ವ ಒಡ್ಡಿನ ಮೇಲೆ ಆಗಲೇ ಮನೆಯ ಕಡೆ ನಡೆದಿದ್ದಳು. ಒಮ್ಮೆ ತಿರುಗಿ ನಿಂತು, "ಭೀಮಗೊಂಡಾ, ಬರೂಮುಂದ ನಮ್ಮ ಮನಿಗೆ ಹಾದ ಹೋಗು" ಎಂದು ಕೂಗಿದಳು. ಮುರಗೆಪ್ಪನಿಗೆ ಏನೂ ಹೇಳಲಿಲ್ಲ.

ರಸ್ತೆಯ ಬದಿಗೆ ಇಬ್ಬರು ಮುದುಕರು ಬಿಸಿಲಲ್ಲಿ ನಿಂತರು. ಹಸಿರು ಗಾಡಿ ಹೊರಳಿ ರಾಯಬಾಗದ ಕಡೆ ಹೊರಟಿತು. ಅದರ ಸದ್ದು ದೂರವಾಗುವುದನ್ನು ಮುರಗೆಪ್ಪ ಕೇಳಿಸಿಕೊಂಡ, ಆದರೆ ತಲೆ ತಿರುಗಿಸಲಿಲ್ಲ. ಮುಗಳಖೋಡದ ಕಡೆಯಿಂದ ಕೆಂಪು ಬಸ್ಸು ಬರುವುದು ಕಂಡಿತು. ಭೀಮಗೊಂಡ ಕೈ ಎತ್ತಿದ.

"ಕುಡಚಿಗೆ ಹೋಗಿ ಬಸ್ ಬದಲಿ ಮಾಡಬೇಕು" ಎಂದ. "ಸಂತಿ ಎದ್ದಹೋಗೂದರಾಗ ಮುಟ್ಟತೀವಿಲ್ಲೊ."

ಮುರಗೆಪ್ಪ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟ. ಡ್ರೈವರನ ಕಡೆ ನೋಡಲಾರದೆ ಹಿಂದಿನ ಸೀಟಿಗೆ ಹೋಗಿ ಕೂತ.